ಗಾಡಿಯಲ್ಲಿ ಕಿಡಿ ಏಕೆ ಹುಟ್ಟದು?

ರೋಗವನ್ನು ತಿಳಿಯದೆ ಔಷಧ ಕೊಡುವ ವೈದ್ಯನನ್ನು ಯಾರೂ ಮೆಚ್ಚುವದಿಲ್ಲ. ನಾಡಿ ಹಿಡಿಯದೆ, ನಾಲಗೆ ನೋಡದೆ, ರೋಗಿಯ ಮಾತನ್ನು ಕೇಳದೆ ಪುಡಿ ಕಟ್ಟಿ ಕೊಡುವವನ ಮನೆಗೆ ಎರಡನೆಯ ಸಾರೆ ಹೋಗುವವರು ವಿರಳ. ಆದರೆ ಅಂಗಳದಲ್ಲಿ ನಿಂತ ಮೋಟಾರಗಾಡಿಯ ವಿಷಯದಲ್ಲಿ ಮಾತ್ರ ಗೃಹಸ್ಥರಾದ ನಾವು ಈ ವಿವೇಕವನ್ನು ಬದಿಗಿಟ್ಟುಬಿಡುತ್ತೇವೆ. ಗಾಡಿ ಹೊರಡಲಿಲ್ಲವೆಂದರೆ ಇಂದು ಪ್ಲಗ್ಗು, ನಾಳೆ ಕಾಯಿಲು, ನಾಡದು ಬ್ಯಾಟರಿ, ಅದರ ಮರುದಿನ ಇಸಿಯು ಎಂಬ ಬೆಲೆಯುಳ್ಳ ಪೆಟ್ಟಿಗೆ, ಹೀಗೆ ಒಂದೊಂದಾಗಿ ಹೊಸದನ್ನು ಹಾಕಿಸುತ್ತ ಹೋಗುತ್ತೇವೆ. ಕಟ್ಟಕಡೆಗೆ ದೋಷವು ಒಂದು ತುಕ್ಕು ಹಿಡಿದ ತಂತಿಯ ತುದಿಯಲ್ಲಿತ್ತೆಂದು ತಿಳಿದಾಗ ಹಣವೂ ಹೋಗಿರುತ್ತದೆ, ಹೊತ್ತೂ ಹೋಗಿರುತ್ತದೆ. ಈ ನಷ್ಟವನ್ನು ತಪ್ಪಿಸುವ ಮಾರ್ಗವು ಕಠಿಣವಾದುದಲ್ಲ. ಕಾರ್ಯದಿಂದ ಕಾರಣಕ್ಕೆ ಕ್ರಮವಾಗಿ ನಡೆಯುವ ತಾಳ್ಮೆಯಿದ್ದರೆ ಸಾಕು. ಅದನ್ನು ವಾಚಕರ ಮುಂದಿಡುವದೇ ಈ ಲೇಖದ ಉದ್ದೇಶವು.

ನಮ್ಮ ಅಗಡಿಯ ಸುತ್ತಿನ ಸೀಮೆಯಲ್ಲಿ ಗಾಡಿಯು ಭೋಗದ ವಸ್ತುವಾಗಿ ಉಳಿದಿಲ್ಲ. ಅದು ಒಕ್ಕಲುತನದ ಒಂದು ಅಂಗವೇ ಆಗಿದೆ. ಹಾವೇರಿಯ ದವಾಖಾನೆಗೆ ಬಾಣಂತಿಯನ್ನು ಒಯ್ಯುವದೂ ಅದೇ, ರಾಣಿಬೆನ್ನೂರಿನಿಂದ ಬೀಜಗೊಬ್ಬರ ತರುವದೂ ಅದೇ, ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯ ಚೀಲಗಳನ್ನು ಮುಟ್ಟಿಸುವದೂ ಅದೇ. ಬ್ಯಾಡಗಿಯ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿರುವದನ್ನು ವಾಚಕರು ಬಲ್ಲರು. ಅಲ್ಲಿಯ ದೊಡ್ಡ ವ್ಯಾಪಾರವು ಸೋಮವಾರ ಗುರುವಾರಗಳಂದು ನಡೆಯತಕ್ಕದ್ದು. ಸೋಮವಾರ ಬೆಳಗಿನ ಜಾವ ಗಾಡಿಯು ಮುನಿದು ನಿಂತಿತೆಂದರೆ ಮಾಲು ಗುರುವಾರದವರೆಗೆ ಮನೆಯಲ್ಲಿಯೇ ಉಳಿಯುವದು. ಅಷ್ಟರಲ್ಲಿ ಧಾರಣೆಯು ಏರುವದೋ ಇಳಿಯುವದೋ ಹೇಳುವವರಾರು? ಆದ್ದರಿಂದ ಗಾಡಿಯ ಕಿಡಿಯ ವಿಚಾರವು ಮೇಸ್ತ್ರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಲಾಗದು. ಅದು ಮನೆಯ ಯಜಮಾನನಿಗೂ ಸಂಬಂಧಿಸಿದ್ದು.

ಮೊಟ್ಟಮೊದಲು ಒಂದು ಭೇದವನ್ನು ತಿಳಿಯಬೇಕು. ಹೆದ್ದಾರಿಯಲ್ಲಿ ಓಡುವ ದೊಡ್ಡ ಲಾರಿಗಳು ಸಾಧಾರಣವಾಗಿ ಡೀಸೆಲಿನವು. ಅವುಗಳಲ್ಲಿ ಕಿಡಿಯೆಂಬದೇ ಇಲ್ಲ. ಅಲ್ಲಿ ಗಾಳಿಯನ್ನು ಅದರ ಗಾತ್ರದ ಹದಿನೈದು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು ತಾನೇ ಕೆಂಡದಂತೆ ಕಾಯುವದು. ಆ ಕಾವಿನಲ್ಲಿ ಡೀಸೆಲನ್ನು ಸಿಂಪಡಿಸಿದ ಕೂಡಲೆ ಉರಿ ಹತ್ತುವದು. ರುಡಾಲ್ಫ್ ಡೀಸೆಲನು ೧೮೯೭ರಲ್ಲಿ ಇಂಥ ಯಂತ್ರವನ್ನು ನಡೆಯಿಸಿ ತೋರಿಸಿದನು. ಪೆಟ್ರೋಲಿನ ಗಾಡಿಯ ರೀತಿ ಬೇರೆ. ಅಲ್ಲಿ ಗಾಳಿ ಪೆಟ್ರೋಲುಗಳ ಮಿಶ್ರಣಕ್ಕೆ ಹೊರಗಿನಿಂದ ಕಿಡಿಯನ್ನು ಮುಟ್ಟಿಸಲೇಬೇಕು. ನಮ್ಮ ಹಳ್ಳಿಗಳಲ್ಲಿ ಕಾಣುವ ಹಳೆಯ ಮಾರುತಿ ಓಮ್ನಿ, ಅದರ ಸಾಮಾನು ಸಾಗಿಸುವ ಕಾರ್ಗೋ ಮಾದರಿ, ಈಕೋ ಮುಂತಾದವು ಈ ಜಾತಿಗೆ ಸೇರಿದವು. ೧೯೮೪ರಲ್ಲಿ ಬಂದ ಮಾರುತಿ ವ್ಯಾನೇ ಮುಂದೆ ಓಮ್ನಿಯೆಂಬ ಹೆಸರಾಂತು ೨೦೧೯ರ ವರೆಗೆ ತಯಾರಾಗುತ್ತಿತ್ತು. ಮೊದಲಿಗೆ ಅದು ಕಾರ್ಬುರೇಟರಿನಿಂದ ನಡೆಯುತ್ತಿತ್ತು. ಹೊಗೆಯ ಕಟ್ಟಳೆಗಳು ಬಿಗಿಯಾದಂತೆ, ಅಂದರೆ ಭಾರತ್ ಸ್ಟೇಜಿನ ಎರಡನೆಯ ಮೆಟ್ಟಿಲು ೨೦೦೫ರಲ್ಲಿಯೂ ಮೂರನೆಯದು ೨೦೧೦ರಲ್ಲಿಯೂ ದೇಶಕ್ಕೆಲ್ಲ ಅನ್ವಯಿಸುವ ಹೊತ್ತಿಗೆ, ಪೆಟ್ರೋಲನ್ನು ಲೆಕ್ಕ ಹಾಕಿ ಚಿಮುಕಿಸುವ ಇಂಜೆಕ್ಷನ್ ಪದ್ಧತಿಯು ರೂಢವಾಯಿತು. ಅಂಥ ಹಳೆಯ ಇಂಜೆಕ್ಷನ್ ಗಾಡಿಗಳ ಕುರಿತೇ ನಾವು ಇಲ್ಲಿ ಬರೆಯುತ್ತಿರುವೆವು.

ಕಿಡಿ ಹುಟ್ಟುವ ಬಗೆ

ಬ್ಯಾಟರಿಯಲ್ಲಿರುವದು ಹನ್ನೆರಡು ವೋಲ್ಟು ಮಾತ್ರ. ಪ್ಲಗ್ಗಿನ ತುದಿಯಲ್ಲಿ ಒಂದು ಮಿಲಿಮೀಟರಿನಷ್ಟಿರುವ ಸಂದನ್ನು ಹಾರುವದಕ್ಕೆ ಬೇಕಾಗುವದು ಹತ್ತಿಪ್ಪತ್ತು ಸಾವಿರ ವೋಲ್ಟು. ಈ ಅಂತರವನ್ನು ತುಂಬಿಕೊಡುವದೇ ಇಗ್ನಿಷನ್ ಕಾಯಿಲು. ಅದರೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳುಂಟು. ದಪ್ಪ ತಂತಿಯ ಸುರುಳಿಗೆ ಸುತ್ತುಗಳು ಕಡಿಮೆ. ಕೂದಲೆಳೆಯಂಥ ತಂತಿಯ ಸುರುಳಿಗೆ ಅದರ ಸುಮಾರು ನೂರು ಪಟ್ಟು ಸುತ್ತುಗಳು. ಮೊದಲಿನದರಲ್ಲಿ ಕರೆಂಟು ಹರಿದು ಅಯಸ್ಕಾಂತದ ಬಲವು ತುಂಬಿಕೊಂಡಾಗ ಆ ಕರೆಂಟನ್ನು ಫಕ್ಕನೆ ಕಡಿದುಬಿಟ್ಟರೆ, ಕುಸಿಯುವ ಬಲವೆಲ್ಲ ಎರಡನೆಯ ಸುರುಳಿಯಲ್ಲಿ ಮಹಾವೇಗದ ವಿದ್ಯುತ್ತಾಗಿ ನುಗ್ಗುವದು. ಕಿಡಿ ಹುಟ್ಟುವದು ಕರೆಂಟು ಹರಿಯುವಾಗಲ್ಲ, ಅದು ನಿಂತ ಕ್ಷಣದಲ್ಲಿ. ಈ ಮಾತನ್ನು ಮರೆಯಬಾರದು.

ಕಡಿಯುವ ಕೆಲಸವನ್ನು ಹಿಂದೆ ಪಾಯಿಂಟುಗಳೆಂಬ ಚಿಕ್ಕ ಲೋಹದ ತುಟಿಗಳು ಮಾಡುತ್ತಿದ್ದವು. ಇಂಜೆಕ್ಷನ್ ಗಾಡಿಯಲ್ಲಿ ಅದನ್ನು ಇಸಿಯುವಿನ ಅಪ್ಪಣೆಯಂತೆ ಇಗ್ನೈಟರು ಮಾಡುವದು. ಇಂಜಿನು ಯಾವ ಗಳಿಗೆಯಲ್ಲಿ ಎಲ್ಲಿ ತಿರುಗಿ ನಿಂತಿದೆಯೆಂಬದನ್ನು ಇಸಿಯುವಿಗೆ ತಿಳಿಸುವದು ಕ್ರ್ಯಾಂಕ್ ಸೆನ್ಸರು. ಕೆಲವು ಗಾಡಿಗಳಲ್ಲಿ ಆ ಕೆಲಸವು ಡಿಸ್ಟ್ರಿಬ್ಯೂಟರಿನೊಳಗಿನ ಇಲ್ಲವೆ ಕ್ಯಾಮ್ ದಂಡೆಯ ಬಳಿಯ ಸೆನ್ಸರಿನದು. ಮೂರು ಸಿಲಿಂಡರಿನ ಇಂಜಿನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿಗೆ ಸೆಕೆಂಡಿಗೆ ೨೫ರಂತೆ ಒಟ್ಟು ೭೫ ಕಿಡಿಗಳು ಬೇಕಾಗುವವು. ಇಷ್ಟು ದೊಡ್ಡ ಸೇವೆಯನ್ನು ಈ ಚಿಕ್ಕ ಪರಿವಾರವು ವರ್ಷಾನುಗಟ್ಟಲೆ ಸದ್ದಿಲ್ಲದೆ ಮಾಡುತ್ತಿರುವದು.

ಈ ವಿದ್ಯೆಯ ಇತಿಹಾಸವೂ ಸ್ವಾರಸ್ಯವಾದದ್ದು. ಜರ್ಮನಿಯ ರಾಬರ್ಟ್ ಬಾಷನ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೋಲ್ಡನೆಂಬ ಇಂಜಿನೀಯರನು ೧೯೦೨ರಲ್ಲಿ ಅಧಿಕ ವೋಲ್ಟಿನ ಮ್ಯಾಗ್ನೆಟೋವನ್ನೂ ಅದಕ್ಕೊಪ್ಪುವ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿದನು. ಅದೇ ಪರಂಪರೆಯ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು, ಅಂದರೆ ಜನರ ಬಾಯಲ್ಲಿ ಮೈಕೋ ಎನಿಸಿಕೊಂಡದ್ದು, ೧೯೫೧ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ದೇಶಕ್ಕೆಲ್ಲ ಒದಗಿಸಿತು. ೨೦೦೮ರಲ್ಲಿ ಅದು ಬಾಷ್ ಲಿಮಿಟೆಡ್ ಎಂಬ ಹೆಸರನ್ನು ತಳೆದರೂ ಹಳೆಯ ಮೇಸ್ತ್ರಿಗಳ ನಾಲಗೆಯಲ್ಲಿ ಮೈಕೋ ಪ್ಲಗ್ಗೆಂಬ ಮಾತು ಅಳಿದಿಲ್ಲ.

ಪರೀಕ್ಷೆಯ ಕ್ರಮ

ಮೊದಲನೆಯ ಪ್ರಶ್ನೆ: ಸೆಲ್ಫ್ ಹೊಡೆದಾಗ ಇಂಜಿನು ತಿರುಗುತ್ತದೆಯೋ ಇಲ್ಲವೋ? ತಿರುಗದಿದ್ದರೆ ಕಿಡಿಯ ಮಾತು ಇನ್ನೂ ದೂರ. ಬ್ಯಾಟರಿ, ಅದರ ಟರ್ಮಿನಲ್ಲು, ಸೆಲ್ಫ್ ಮೋಟಾರುಗಳನ್ನು ನೋಡಬೇಕು. ಮಂದವಾಗಿ ತಿರುಗಿದರೂ ಬ್ಯಾಟರಿಯ ಮೇಲೆಯೇ ಸಂಶಯವಿಡಬೇಕು. ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು ೧೨.೬ ವೋಲ್ಟು ತೋರಿಸತಕ್ಕದ್ದು. ಸೆಲ್ಫ್ ಹೊಡೆಯುವಾಗ ೯.೬ಕ್ಕಿಂತ ಕೆಳಗಿಳಿದರೆ ಅದು ಬಲಹೀನವೆಂದು ತಿಳಿಯಬೇಕು. ಸೆಲ್ಫ್ ಮೋಟಾರೇ ಇದ್ದ ಶಕ್ತಿಯನ್ನೆಲ್ಲ ನುಂಗಿದರೆ ಇಸಿಯುವು ಅರೆಮೂರ್ಛೆಯಲ್ಲಿದ್ದಂತಾಗಿ ಅಪ್ಪಣೆ ಕೊಡುವದನ್ನೇ ಬಿಡುವದುಂಟು. ಆಗ ಕಿಡಿಯಿಲ್ಲವೆಂದು ಕಾಯಿಲನ್ನು ದೂರುವದು ಅನ್ಯಾಯವು.

ಎರಡನೆಯ ಪ್ರಶ್ನೆ: ಸೆಲ್ಫ್ ಹೊಡೆಯದೆ ಚಾವಿಯನ್ನು ಮಾತ್ರ ತಿರುವಿದಾಗ ಏನು ಕಾಣುವದು, ಏನು ಕೇಳುವದು? ಇಂಜಿನಿನ ಚಿತ್ರವುಳ್ಳ ಹಳದಿ ದೀಪವು ಹತ್ತಬೇಕು. ಟಾಕಿಯ ಕಡೆಯಿಂದ ಎರಡು ಮೂರು ಸೆಕೆಂಡು ಪಂಪಿನ ಗುಂಯ್ಗುಡುವ ಸದ್ದು ಬರಬೇಕು. ದೀಪವೂ ಇಲ್ಲ, ಸದ್ದೂ ಇಲ್ಲವೆಂದರೆ ಇಸಿಯುವಿಗೇ ಕರೆಂಟು ಮುಟ್ಟುತ್ತಿಲ್ಲವೆಂಬ ಸಂಶಯವು ಬಲವಾಗುವದು. ಹಾಗಿದ್ದಲ್ಲಿ ಮುಖ್ಯ ಫ್ಯೂಜು, ಮುಖ್ಯ ರಿಲೇ, ಚಾವಿಯ ಸ್ವಿಚ್ಚು, ಇಂಜಿನಿನಿಂದ ಬಾಡಿಗೆ ಹೋಗುವ ಅರ್ಥಿಂಗಿನ ಪಟ್ಟಿ, ಇವುಗಳನ್ನು ನೋಡಬೇಕು. ಚಾವಿಯ ಚಿತ್ರವುಳ್ಳ ದೀಪವು ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಇಮೊಬಿಲೈಜರು ಚಾವಿಯ ಗುರುತು ಹಿಡಿಯದೆ ಗಾಡಿಯನ್ನು ಕಟ್ಟಿಹಾಕಿರಬಹುದು.

ಮೂರನೆಯದು ಕಿಡಿಯ ಸಾಕ್ಷಾತ್ ಪರೀಕ್ಷೆ. ಇಲ್ಲಿ ಎಚ್ಚರಿಕೆಯು ಅತ್ಯಾವಶ್ಯಕವು. ಮೊದಲು ಇಂಜೆಕ್ಟರುಗಳ ಕನೆಕ್ಟರುಗಳನ್ನು ಕಳಚಿಡಬೇಕು. ಇಲ್ಲವಾದರೆ ಪ್ಲಗ್ಗಿನ ತೂತಿನಿಂದ ಹೊರಬರುವ ಪೆಟ್ರೋಲಿನ ಹಬೆಗೆ ನಾವೇ ಕಿಡಿ ಮುಟ್ಟಿಸಿದಂತಾಗುವದು. ಬಳಿಕ ಪ್ಲಗ್ಗನ್ನು ಬಿಚ್ಚಿ, ಅದನ್ನು ವೈರಿಗೆ ಇಲ್ಲವೆ ಕಾಯಿಲಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನಿಗೆ ಗಟ್ಟಿಯಾಗಿ ತಾಗಿಸಿ, ಸೆಲ್ಫ್ ಹೊಡೆಯಿಸಬೇಕು. ಇದಕ್ಕಾಗಿಯೇ ಮಾಡಿದ ಸ್ಪಾರ್ಕ್ ಟೆಸ್ಟರು ಇದ್ದರೆ ಇನ್ನೂ ಉತ್ತಮ. ವೈರನ್ನು ಕೈಯಲ್ಲಿ ಹಿಡಿಯುವದು ಸರ್ವಥಾ ಸಲ್ಲದು. ಹೃದಯದೌರ್ಬಲ್ಯವುಳ್ಳವರಿಗಂತೂ ಆ ಹೊಡೆತವು ಪ್ರಾಣಕ್ಕೇ ಬಂದೀತು. ವೈರಿನ ತುದಿಯನ್ನು ಗಾಳಿಯಲ್ಲಿ ತೂಗಬಿಟ್ಟು ನೋಡುವದೂ ತರವಲ್ಲ. ಹೊರಬೀಳಲು ದಾರಿ ಕಾಣದ ಕರೆಂಟು ಕಾಯಿಲನ್ನೋ ಇಗ್ನೈಟರನ್ನೋ ಒಳಗಿಂದಲೇ ಸೀಳಿಬಿಡುವದು. ಕಿಡಿಯು ನೀಲಿಬಿಳುಪಾಗಿ ಚಟಚಟನೆ ಹಾರಿದರೆ ಒಳ್ಳೆಯದು. ಕೆಂಪುಹಳದಿಯಾಗಿ ಸೊರಗಿದ್ದರೆ ದುರ್ಬಲವು.

ನಾಲ್ಕನೆಯ ಪ್ರಶ್ನೆಯಲ್ಲಿಯೇ ಈ ವಿದ್ಯೆಯ ಮರ್ಮವಿದೆ. ಕಿಡಿ ಇಲ್ಲದಿರುವದು ಒಂದೇ ಸಿಲಿಂಡರಿನಲ್ಲಿಯೋ, ಎಲ್ಲದರಲ್ಲಿಯೋ? ತೋಟಕ್ಕೆ ನೀರು ಕಟ್ಟುವವನು ಇದನ್ನು ಸಹಜವಾಗಿಯೇ ಬಲ್ಲನು. ಒಂದು ಮಡಿ ಮಾತ್ರ ಒಣಗಿದ್ದರೆ ಅವನು ಆ ಮಡಿಯ ಬಾಯನ್ನು ನೋಡುವನು. ಎಲ್ಲ ಮಡಿಗಳೂ ಒಣಗಿದ್ದರೆ ಬಾವಿಯ ಕಡೆಗೆ ನಡೆಯುವನು. ಅದೇ ಮೇರೆಗೆ ಒಂದರಲ್ಲಿ ಮಾತ್ರ ಕಿಡಿಯಿಲ್ಲದಿದ್ದರೆ ದೋಷವು ಆ ಪ್ಲಗ್ಗು, ಆ ವೈರು, ಅದರದೇ ಆದ ಕಾಯಿಲು, ಇವುಗಳಲ್ಲಿ ಒಂದರಲ್ಲಿರತಕ್ಕದ್ದು. ಎಲ್ಲದರಲ್ಲಿಯೂ ಇಲ್ಲವಾದರೆ ಮೂರು ಪ್ಲಗ್ಗುಗಳೂ ಒಂದೇ ರಾತ್ರಿ ಕೆಟ್ಟುಹೋದವೆಂದು ನಂಬುವದು ಬುದ್ಧಿವಂತಿಕೆಯಲ್ಲ. ಎಲ್ಲಕ್ಕೂ ಸಾಮಾನ್ಯವಾಗಿರುವ ಮೂಲವನ್ನೇ ಹುಡುಕಬೇಕು: ಕರೆಂಟಿನ ಪೂರೈಕೆ, ಎಲ್ಲಕ್ಕೂ ಒಂದೇ ಇರುವ ಕಾಯಿಲು, ಇಗ್ನೈಟರು, ಡಿಸ್ಟ್ರಿಬ್ಯೂಟರಿನ ರೋಟರು, ಕ್ರ್ಯಾಂಕ್ ಸೆನ್ಸರು, ಇಸಿಯು.

ಐದನೆಯದಾಗಿ, ಆ ಮೂಲಗಳೊಳಗೆ ಅಪರಾಧಿಯನ್ನು ಬೇರ್ಪಡಿಸಬೇಕು. ಚಾವಿ ತಿರುವಿ ಕಾಯಿಲಿನ ಪೂರೈಕೆಯ ತಂತಿಗೆ ಟೆಸ್ಟ್ ಲ್ಯಾಂಪು ಮುಟ್ಟಿಸಿದರೆ ಅದು ಬೆಳಗಬೇಕು. ಬೆಳಗದಿದ್ದರೆ ಕಾಯಿಲು ನಿರಪರಾಧಿ. ಫ್ಯೂಜು, ರಿಲೇ, ತಂತಿಗಳಲ್ಲಿ ದೋಷವುಂಟು. ಬೆಳಗಿದರೆ, ಸೆಲ್ಫ್ ಹೊಡೆಯುವಾಗ ಅಪ್ಪಣೆಯ ತಂತಿಯಲ್ಲಿ ಮಿಡಿತವಿದೆಯೋ ನೋಡಬೇಕು. ಇಸಿಯುವಿನಿಂದ ಬರುವ ಸೂಕ್ಷ್ಮವಾದ ತಂತಿಗೆ ಬಲ್ಬಿನ ಲ್ಯಾಂಪನ್ನು ಹಚ್ಚದೆ ಎಲ್ಇಡಿ ಟೆಸ್ಟರನ್ನೋ ಮೀಟರನ್ನೋ ಬಳಸತಕ್ಕದ್ದು. ಪೂರೈಕೆಯೂ ಮಿಡಿತವೂ ಅರ್ಥಿಂಗೂ ಸರಿಯಾಗಿದ್ದು ಕಿಡಿಯು ಮಾತ್ರ ಇಲ್ಲವಾದರೆ ಆಗ ಕಾಯಿಲು ಕೆಟ್ಟಿತೆನ್ನಲು ಅಡ್ಡಿಯಿಲ್ಲ. ಇಗ್ನೈಟರು ಬೇರೆಯಾಗಿರುವ ಗಾಡಿಯಲ್ಲಿ, ಅದಕ್ಕೆ ಅಪ್ಪಣೆ ಮುಟ್ಟಿಯೂ ಕಾಯಿಲಿಗೆ ಮಿಡಿತ ಬಾರದಿದ್ದರೆ ಇಗ್ನೈಟರೇ ದೋಷಿಯು.

ಅಪ್ಪಣೆಯೇ ಬರುತ್ತಿಲ್ಲವೆಂದಿಟ್ಟುಕೊಳ್ಳೋಣ. ಆಗ ಇಂಜೆಕ್ಟರುಗಳಿಗೆ ಮಿಡಿತವಿದೆಯೋ ನೋಡಬೇಕು. ಕಿಡಿಯೂ ಇಲ್ಲ, ಇಂಜೆಕ್ಟರಿನ ಮಿಡಿತವೂ ಇಲ್ಲವೆಂದರೆ ಇಂಜಿನು ತಿರುಗುತ್ತಿರುವ ಸುದ್ದಿಯೇ ಇಸಿಯುವಿಗೆ ಮುಟ್ಟಿಲ್ಲವೆಂದು ಊಹಿಸಬಹುದು. ದೃಷ್ಟಿಯು ಕ್ರ್ಯಾಂಕ್ ಸೆನ್ಸರಿನ ಕಡೆಗೆ ಹೋಗಬೇಕು. ಆರ್‌ಪಿಎಂ ಮುಳ್ಳಿರುವ ಗಾಡಿಗಳಲ್ಲಿ ಸೆಲ್ಫ್ ಹೊಡೆಯುವಾಗ ಆ ಮುಳ್ಳು ಸ್ವಲ್ಪವೂ ಅಲುಗದಿರುವದು ಇದಕ್ಕೆ ಇನ್ನೊಂದು ಸಾಕ್ಷಿ. ಡಿಸ್ಟ್ರಿಬ್ಯೂಟರ್ ಇದ್ದಲ್ಲಿ ಮುಚ್ಚಳ ತೆಗೆದು ಸೆಲ್ಫ್ ಹೊಡೆಯಿಸಿ, ಒಳಗಿನ ರೋಟರು ತಿರುಗುವದೋ ನೋಡಬೇಕು. ಇಂಜಿನು ತಿರುಗಿಯೂ ರೋಟರು ತಿರುಗದಿದ್ದರೆ ಟೈಮಿಂಗ್ ಬೆಲ್ಟು ಹರಿದಿರುವ ಸಂಭವವೇ ಹೆಚ್ಚು. ಕಾಯಿಲನ್ನು ಎಷ್ಟು ಸಾರೆ ಬದಲಿಸಿದರೂ ಪ್ರಯೋಜನವಿಲ್ಲ.

ಸ್ಕ್ಯಾನರಿನ ಸಂಕೇತಗಳನ್ನೂ ವಿವೇಕದಿಂದ ಓದಬೇಕು. ಪಿ ೦೩೩೫ ಎಂದು ಬಂದರೆ ಕ್ರ್ಯಾಂಕ್ ಸೆನ್ಸರಿನ ಮಾರ್ಗದಲ್ಲಿ ದೋಷವೆಂದು ಅರ್ಥವೇ ಹೊರತು ಸೆನ್ಸರೇ ಸತ್ತಿದೆಯೆಂದಲ್ಲ. ಸೆನ್ಸರು, ತಂತಿ, ಕನೆಕ್ಟರು, ಹಲ್ಲಿನ ಚಕ್ರ, ಇವೆಲ್ಲವೂ ಆ ಮಾರ್ಗದಲ್ಲಿಯೇ ಇವೆ. ಇಸಿಯುವನ್ನು ದೂರುವದು ಎಲ್ಲಕ್ಕೂ ಕಡೆಯ ಮಾತು. ಅದಕ್ಕೆ ಕರೆಂಟು, ಅರ್ಥಿಂಗು, ಸೆನ್ಸರುಗಳ ಸುದ್ದಿ ಇವೆಲ್ಲ ಸರಿಯಾಗಿ ಮುಟ್ಟಿಯೂ ಅದು ಅಪ್ಪಣೆ ಕೊಡದಿದ್ದರೆ ಮಾತ್ರ ಅದನ್ನು ಸಂಶಯಿಸತಕ್ಕದ್ದು.

ನಮ್ಮ ಸೀಮೆಯ ವಿಶೇಷ ದೋಷಗಳು

ಮಳೆಗಾಲದಲ್ಲಿ ಮುಂಜಾನೆ ಹೊರಡದೆ ಬಿಸಿಲೇರಿದ ಮೇಲೆ ಹೊರಡುವ ಗಾಡಿಯಲ್ಲಿ ತೇವವು ಕರೆಂಟನ್ನು ಕದಿಯುತ್ತಿರುವದು. ಬಿರಿದ ವೈರು, ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗಿನ ಕೂದಲೆಳೆಯ ಬಿರುಕು, ಇವೇ ಅದರ ಕಳ್ಳದಾರಿಗಳು. ಕತ್ತಲಲ್ಲಿ ಇಂಜಿನು ನಡೆಯುವಾಗ ದೂರ ನಿಂತು ನೋಡಿದರೆ ವೈರುಗಳ ಮೇಲೆ ನೀಲಿಯ ಮಿಣುಕು ಕಾಣಿಸುವದು.

ಬೇಸಿಗೆಯ ದೋಷವು ಇದಕ್ಕೆ ವಿರುದ್ಧವಾದದ್ದು. ತಣ್ಣಗಿರುವಾಗ ಚೆನ್ನಾಗಿ ಹೊರಟು, ಹತ್ತಿಪ್ಪತ್ತು ಮೈಲು ಓಡಿ ಕಾಯ್ದ ಮೇಲೆ ನಿಂತು, ಅರ್ಧ ತಾಸು ಆರಿದ ಬಳಿಕ ತಾನಾಗಿ ಹೊರಡುವ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರು ಇಲ್ಲವೆ ಇಗ್ನೈಟರು ಕಾವಿಗೆ ಸೋಲುತ್ತಿರಬಹುದು. ಅದನ್ನು ಗ್ಯಾರೇಜಿನಲ್ಲಿ ತಣ್ಣಗಾದ ಮೇಲೆ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುವದು. ನಿಂತ ಗಳಿಗೆಯಲ್ಲಿಯೇ, ಕಾಯ್ದಿರುವಾಗಲೇ, ನೋಡಬೇಕು.

ಗೋವಿನಜೋಳ ಶೇಂಗಾಗಳ ಚೀಲಗಳಿರುವ ಮನೆಯಲ್ಲಿ ಇಲಿಗಳ ಕಾಟ ತಪ್ಪದು. ರಾತ್ರಿ ಬೆಚ್ಚಗಿನ ಇಂಜಿನಿನ ಮೇಲೆ ಬೀಡುಬಿಟ್ಟು ಅವು ತಂತಿಯ ಹೊದಿಕೆಯನ್ನು ಕಡಿಯುವವು. ನಿನ್ನೆ ಸಂಜೆ ನೆಟ್ಟಗಿದ್ದ ಗಾಡಿಯು ಇಂದು ಬೆಳಿಗ್ಗೆ ಸುಮ್ಮನಾದರೆ ಮೀಟರಿಗಿಂತ ಮೊದಲು ಬ್ಯಾಟರಿಯ ದೀಪವನ್ನು ಹಿಡಿದು ತಂತಿಗಳನ್ನು ಕಣ್ಣಿನಿಂದ ನೋಡುವದು ಮೇಲು.

ಗ್ಯಾಸಿನ ಕಿಟ್ಟು ಹಾಕಿಸಿದ ಗಾಡಿಗಳಲ್ಲಿ ಇನ್ನೊಂದು ತೊಡಕುಂಟು. ಕಿಟ್ಟಿನವರು ಇಂಜೆಕ್ಟರುಗಳ ತಂತಿಗಳನ್ನು ಕತ್ತರಿಸಿ ನಡುವೆ ತಮ್ಮ ಪೆಟ್ಟಿಗೆಯನ್ನು ಸೇರಿಸಿರುತ್ತಾರೆ. ಇಗ್ನಿಷನ್ನಿನಿಂದಲೂ ಒಂದು ತಂತಿಯನ್ನು ಎಳೆದಿರುತ್ತಾರೆ. ಆ ಜೋಡಣೆಗಳು ಸಡಿಲಾದರೆ ಇಸಿಯುವಿನ ಅಪ್ಪಣೆಯು ದಾರಿಯಲ್ಲಿಯೇ ಉಳಿದುಹೋಗುವದು. ಇದಲ್ಲದೆ ಗ್ಯಾಸಿನ ಮಿಶ್ರಣವನ್ನು ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟು ಬೇಕು. ಆದ್ದರಿಂದ ಪೆಟ್ರೋಲಿನ ಮೇಲೆ ಹೇಗೋ ನಡೆಯುವ ಗಾಡಿಯು ಗ್ಯಾಸಿನ ಮೇಲೆ ತಡವರಿಸಿದರೆ, ಪ್ಲಗ್ಗು ವೈರುಗಳು ಮುಪ್ಪಾಗಿವೆಯೆಂಬದಕ್ಕೆ ಅದೇ ಮುನ್ಸೂಚನೆಯು.

ಮಾಡಬಾರದ ಕೆಲಸ

ಕಿಡಿಯಿಲ್ಲದ ಗಾಡಿಯನ್ನು ಹಟಹಿಡಿದು ಸೆಲ್ಫ್ ಹೊಡೆಯುತ್ತಿರುವದೂ ಹುಡುಗರನ್ನು ಕೂಡಿಸಿ ಫರ್ಲಾಂಗುಗಟ್ಟಲೆ ನೂಕಿಸುವದೂ ಬಹು ಅಪಾಯಕರವು. ಇಂಜೆಕ್ಟರುಗಳು ಚಿಮುಕಿಸಿದ ಪೆಟ್ರೋಲು ಉರಿಯದೆ ಸೈಲೆನ್ಸರಿನ ಕಡೆಗೆ ಹರಿದು, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಸೇರುವದು. ಮುಂದೆ ಇಂಜಿನು ಫಕ್ಕನೆ ಹೊತ್ತಿಕೊಂಡಾಗ ಆ ಪೆಟ್ರೋಲು ಅಲ್ಲಿಯೇ ಉರಿದು ಕನ್ವರ್ಟರು ಕೆಂಪಗೆ ಕಾಯುವದು, ಒಳಗಿನ ಜೇನುಗೂಡು ಕರಗಿ ಕೆಡುವದು. ಗಾಡಿಯ ಕೆಳಗೆ ಒಣ ಹುಲ್ಲೋ ಸೊಪ್ಪೆಯೋ ಇದ್ದರೆ, ಮೇಲೆ ಒಣ ಮೆಣಸಿನಕಾಯಿಯ ಚೀಲಗಳಿದ್ದರೆ, ಆಗುವ ಅನರ್ಥವನ್ನು ವಿವರಿಸುವ ಕಾರಣವಿಲ್ಲ. ಎರಡು ಮೂರು ಸಾರೆ ಹೊಡೆದು ನೋಡಿ, ಹೊರಡದಿದ್ದರೆ ಕೈ ತಡೆದು, ಮೇಲೆ ಹೇಳಿದ ಪ್ರಶ್ನೆಗಳನ್ನು ಕೇಳಿಕೊಳ್ಳುವದೇ ಲೇಸು. ಸೈಲೆನ್ಸರಿನ ಬಳಿ ಪೆಟ್ರೋಲಿನ ಘಾಟು ವಾಸನೆ ಬಂದರೆ ಪೆಟ್ರೋಲು ಬರುತ್ತಿದೆ, ಕಿಡಿಯು ಬರುತ್ತಿಲ್ಲವೆಂದು ತಿಳಿದಂತಾಯಿತು. ಆ ವಾಸನೆಯೂ ಒಂದು ಸಾಕ್ಷಿಯೇ.

ಯಜಮಾನನೂ ಮೇಸ್ತ್ರಿಯೂ

ಈ ಎಲ್ಲ ಪರೀಕ್ಷೆಗಳನ್ನು ಗೃಹಸ್ಥನೇ ತನ್ನ ಕೈಯಿಂದ ಮಾಡಬೇಕೆಂಬದು ನಮ್ಮ ಅಭಿಪ್ರಾಯವಲ್ಲ. ಮೇಸ್ತ್ರಿಯ ಅನುಭವಕ್ಕೆ ಸಮನಾದದ್ದು ಬೇರೊಂದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಬಲ್ಲ ಯಜಮಾನನಿಗೂ ಬಲ್ಲದವನಿಗೂ ಬಹಳ ಅಂತರವುಂಟು. “ಕಾಯಿಲ್ ಹೋಗೇತ್ರೀ ಸಾವ್ಕಾರ್ರ, ಹೊಸಾದು ಹಾಕಬೇಕ್ರಿ” ಎಂದು ಮೇಸ್ತ್ರಿಯು ಹೇಳಿದಾಗ, “ಆಗಲಪ್ಪಾ, ಆದರ ಕಾಯಿಲಿಗೆ ಕರೆಂಟ್ ಬರತೈತೇನು, ಮಿಡಿತ ಬರತೈತೇನು, ನೋಡಿದೇನು?” ಎಂದು ಸಮಾಧಾನದಿಂದ ಕೇಳಿದರೆ ಸಾಕು. ನೋಡಿದ್ದರೆ ಅವನು ಸಂತೋಷದಿಂದ ತೋರಿಸುವನು. ನೋಡಿರದಿದ್ದರೆ ಈಗ ನೋಡುವನು. ಪ್ರಾಮಾಣಿಕನಾದ ಕುಶಲಿಗೆ ಇಂಥ ಪ್ರಶ್ನೆಯು ಅವಮಾನವಲ್ಲ, ಆದರವೇ ಸರಿ. ಹೊಸ ಸಾಮಾನು ಹಾಕಿಸಿದಾಗ ಹಳೆಯದನ್ನು ಕೇಳಿ ತೆಗೆದುಕೊಂಡು ಮನೆಗೆ ತರಬೇಕು; ದೋಷವು ಅದರಲ್ಲಿರದಿದ್ದರೆ ಅದು ಮುಂದೆ ಉಪಯೋಗಕ್ಕೆ ಬರುವದು.

ಮನೆಯಲ್ಲಿ ಒಂದು ಟೆಸ್ಟರು, ಅಗ್ಗದ ಮಲ್ಟಿಮೀಟರು, ಪ್ಲಗ್ ಪಾನಾ, ನಾಲ್ಕಾರು ಬಗೆಯ ಫ್ಯೂಜುಗಳು ಇರಲಿ. ಅವುಗಳ ಜೊತೆಗೆ ಒಂದು ಚಿಕ್ಕ ವಹಿಯೂ ಇರಲಿ. ಪ್ಲಗ್ಗು ಯಾವಾಗ ಬದಲಾಯಿತು, ಬೆಲ್ಟು ಎಷ್ಟು ಕಿಲೋಮೀಟರಿಗೆ ಹಾಕಿಸಿದ್ದು, ಗಾಡಿಯು ನಿಂತದ್ದು ಕಾಯ್ದಾಗಲೋ ತಣ್ಣಗಿದ್ದಾಗಲೋ, ಮಳೆಯಲ್ಲೋ ಬಿಸಿಲಲ್ಲೋ, ಇವನ್ನು ತಿಥಿವಾರಗಳೊಡನೆ ಬರೆದಿಡಬೇಕು. ಮನೆಯ ಮಗಳೋ ಮಗನೋ ಈ ವಹಿಯನ್ನು ಬರೆಯಲಿ; ಪಾಠಶಾಲೆಯಲ್ಲಿ ಕಲಿತ ವಿದ್ಯುತ್ತಿನ ಪಾಠವು ಅಂಗಳದಲ್ಲಿ ಸಜೀವವಾಗುವದು. ಪ್ಲಗ್ಗನ್ನು ಬಿಚ್ಚಿದಾಗ ಅದರ ಬಣ್ಣವನ್ನೂ ಅವರಿಗೆ ತೋರಿಸಬೇಕು. ತಿಳಿಗಂದು ಆರೋಗ್ಯದ ಲಕ್ಷಣ. ಒಣ ಕಾಡಿಗೆ ಪೆಟ್ರೋಲು ಹೆಚ್ಚಾದ ಗುರುತು. ಎಣ್ಣೆಯ ಜಿಡ್ಡು ಇಂಜಿನಿನ ಸವೆತದ ಸೂಚನೆ. ಬಿಳಿಚಿ ಗುಳ್ಳೆಯೆದ್ದಿದ್ದರೆ ಕಾವು ಮಿತಿಮೀರಿದೆಯೆಂದು ತಿಳಿಯತಕ್ಕದ್ದು.

ಸಾರಾಂಶವಾಗಿ ಹೇಳುವದಾದರೆ, ಊಹೆಗೆ ಬೆಲೆ ಹೆಚ್ಚು, ಪರೀಕ್ಷೆಗೆ ಬೆಲೆ ಕಡಿಮೆ. ಟೆಸ್ಟ್ ಲ್ಯಾಂಪಿನ ಒಂದು ಮಿಣುಕು ಎಷ್ಟೋ ಸಾವಿರ ರೂಪಾಯಿಗಳನ್ನು ಉಳಿಸಬಲ್ಲದು. ಅದಕ್ಕಿಂತ ಹೆಚ್ಚಾಗಿ, ರಾತ್ರಿಯ ಹೊತ್ತು ರೋಗಿಯನ್ನು ಮಲಗಿಸಿಕೊಂಡು ಹೊರಟ ಗಾಡಿಯು ದಾರಿಯಲ್ಲಿ ನಿಲ್ಲದಂತೆ ಮೊದಲೇ ನೋಡಿಕೊಳ್ಳುವ ಜಾಗರೂಕತೆಯು ಇದರಿಂದ ಮನೆಗೆ ಬರುವದು. ಮುಂದಿನ ಸಾರೆ ಗಾಡಿಯು ಮುನಿದು ನಿಂತಾಗ ನಮ್ಮ ವಾಚಕರು ಬೈಯದೆ, ನೂಕದೆ, ಮೊದಲು ಚಾವಿಯನ್ನು ತಿರುವಿ ಆ ಹಳದಿಯ ದೀಪವು ಹತ್ತಿತೋ ಇಲ್ಲವೋ ನೋಡಲಿ. ಅಲ್ಲಿಂದ ಮುಂದಿನ ದಾರಿಯು ಒಂದೊಂದು ಹೆಜ್ಜೆಯಾಗಿ ತಾನೇ ಕಾಣುತ್ತ ಹೋಗುವದು.